ಒಂದು ‘ಲೇ’

ಕುವೈತಿನಲ್ಲಿ ಶುಕ್ರವಾರವೇ ನಮಗೆ ಭಾನುವಾರ.
ಎರಡರಿಂದ ನಾಲ್ಕು ಕನ್ನಡಕ್ಕೆ ಕೊಟ್ಟ ಕೋಣೆ,
ನಾಲ್ಕಕ್ಕೆ ತಮಿಳರು ಬಾಗಿಲು ತಟ್ಟುತ್ತಾರೆ.
ಗೋಡೆಯಾಚೆ ಅರಬ್ಬಿ ಸಭೆ.
ಅವರ ಹಾಡಿನಲ್ಲಿ ಮತ್ತೆ ಮತ್ತೆ ಖಲಾಸ್, ಖಲಾಸ್.
ಏನು ಮುಗಿಯಿತಪ್ಪಾ ಎಂದು ನಾವು ನಗುತ್ತಿದ್ದೆವು.

ನಾನು ಕಾರ್ಯದರ್ಶಿ. ವಾರವಿಡೀ ಶುವೈಖಿನ ಗೋದಾಮಿನಲ್ಲಿ
ಬೇರಿಂಗುಗಳ ಲೆಕ್ಕ, ಶುಕ್ರವಾರ ವಾದಗಳ ಲೆಕ್ಕ.
ಆ ವರ್ಷದ ವಾದ ಒಂದೇ ಅಕ್ಷರದ್ದು:
ಮನುಷ್ಯ ನೀತಿವಂತನೆನಿಸುವುದು
ನಂಬಿಕೆಯಿಂದ ಎನ್ನಬೇಕೋ,
ನಂಬಿಕೆಯಿಂದಲೇ ಎನ್ನಬೇಕೋ.

‘ಲೇ’ ಬೇಕು ಎಂದರು ಕರ್ಕಡ ಮಾಸ್ತರು.
ಜರ್ಮನಿಯ ಆ ಸನ್ಯಾಸಿ
ಮೂಲದಲ್ಲಿಲ್ಲದ ಒತ್ತನ್ನು ತನ್ನ ಭಾಷೆಗೆ ತಾನೇ ತಂದ,
ಯಾಕೆಂದು ಕೇಳಿದವರಿಗೆ
ನಾನಂದೆ, ಅದಕ್ಕೆ ಎಂಬರ್ಥದ ಉತ್ತರ ಕೊಟ್ಟನಂತೆ.

ಎಲೀಶ ಎದ್ದ. ಬೆಟಗೇರಿಯವ, ಕ್ರೇನ್ ಆಪರೇಟರ್:
“ಪೋಪನ ಮಾತು ಬ್ಯಾಡ ಅಂದವ
ತಾನ ಪೋಪ ಆದನೇನ್ರಿ?
ಮತ್ತ ನಮ್ಮ ಕಡೆ ಲೇ ಅಂದ್ರ ಬೈಗುಳ.”
ನಗು. ಅದನ್ನು ನಡಾವಳಿಯಲ್ಲಿ ಬರೆಯಲಿಲ್ಲ.

ಮುಂದಿನ ವಾರ ಮಾಸ್ತರು ಅಜ್ಜನ ಪ್ರಶ್ನೋತ್ತರ ತಂದರು,
ಮಂಗಳೂರಿನ ಮಿಶನ್ ಪ್ರೆಸ್ಸಿನದು,
ಹೊಲಿಗೆಯಲ್ಲಿ ಹಂಚಿನ ಕಾರ್ಖಾನೆಯ ಕೆಂಧೂಳು.
ಎಲೀಶ ಅದಕ್ಕಿಂತ ಹಳೆಯದನ್ನು.
ಒಬ್ಬರು ಅಗಸ್ಟೀನನನ್ನು ಕರೆದರು,
ಇನ್ನೊಬ್ಬರು ಬಿಷಪ್ಪರನ್ನು, ಫೋನಿನಲ್ಲಿ, ಸ್ಪೀಕರ್ ಹಾಕಿ.
ಕೋಳಿಅಂಕದ ಹುಂಜಗಳ ಹಾಗೆ
ಪೌಲನ ಎದುರು ಯಾಕೋಬನನ್ನು ಬಿಟ್ಟರು.
ತನ್ನ ಬಾಯಿಂದ ಹೇಳುವ ಧೈರ್ಯ ಯಾರಿಗೂ ಇಲ್ಲ.
ನಮ್ಮ ಅಭ್ಯಾಸವೇ ಹಾಗಾಗಿದೆ. ಈ ಮರಳಲ್ಲಿ
ನಾನಿದ್ದೇನೆ ಎನ್ನುವುದಕ್ಕೂ
ಇನ್ನೊಬ್ಬನ ರುಜು ಬೇಕು.

ಚಹಾ ಕೊಡುತ್ತಿದ್ದವಳು ದೀನಮ್ಮ.
ಮನೆಗೆಲಸದ ವೀಸಾ. ಕಫೀಲ ತೀರಿಕೊಂಡ,
ಮಕ್ಕಳು ಪಾಸ್‌ಪೋರ್ಟ್ ಎಲ್ಲಿಟ್ಟರೋ ಗೊತ್ತಿಲ್ಲ.
ಅಕಾಮಾ ಇಲ್ಲದೆ ನಾಲ್ಕು ವರ್ಷ,
ದಿನಕ್ಕಿಷ್ಟು ದಿನಾರ್ ಎಂದು ಏರುವ ದಂಡ.
ಒಂದು ಸಲ ನಡಾವಳಿಯ ಕೊನೇ ಹಾಳೆಯಲ್ಲಿ ಕೂಡಿಸಿ ನೋಡಿದೆ.
ಹಾಳೆ ಹರಿದೆ.

ಆ ಚಳಿಗಾಲ ಸರ್ಕಾರ ಕ್ಷಮೆ ಸಾರಿತು:
ದಂಡ ಕಟ್ಟಬೇಡಿ, ಊರಿಗೆ ಹೋಗಿ.
ಕೃಪೆಯ ಬಗ್ಗೆ ವರ್ಷವಿಡೀ ಮಾತಾಡಿದ ನಾವು ನಂಬಲಿಲ್ಲ.
ಯಾವ ಪತ್ರಿಕೆ, ಎಂದರು ಮಾಸ್ತರು. ಎಷ್ಟನೇ ಪುಟ?
ಸುತ್ತೋಲೆ ನಂಬರ್ ಎಷ್ಟ್ರಿ, ಎಂದ ಎಲೀಶ.
ಅವಳು ಲೋಟ ತೊಳೆದು ಬೋರಲು ಹಾಕಿ
“ನಾಳೆ ಹೊಕ್ಕೀನಿ” ಎಂದಳು.

ಜೊತೆಗೆ ನಾನು ಹೋದೆ, ಕಂಕುಳಲ್ಲಿ ಫೈಲು:
ಸಭೆಯ ಪತ್ರ, ಪಾಸ್ಟರರ ಪತ್ರ, ಒಳ್ಳೆಯ ನಡತೆಯ ಪತ್ರ,
ಎಲ್ಲಕ್ಕೂ ಮೊಹರು.
ರಾಯಭಾರ ಕಚೇರಿ ಕೊಟ್ಟ ಬಿಳಿ ಹಾಳೆ ಮಾತ್ರ ಅವಳ ಕೈಯಲ್ಲಿ.
ಫರ್ವಾನಿಯಾದ ಕೌಂಟರಿನಲ್ಲಿ ಮೀಸೆ ಬಲಿಯದ ಹುಡುಗ
ನನ್ನ ಫೈಲು ಮುಟ್ಟಲಿಲ್ಲ.
ಅವಳ ಬೆರಳನ್ನು ಗಾಜಿನ ಮೇಲಿಡಿಸಿದ, ಪರದೆ ನೋಡಿದ,
ಠಸ್ಸೆ ಒತ್ತಿದ.
“ಖಲಾಸ್. ಯಲ್ಲಾ.”

ಅವಳು ನನ್ನತ್ತ ತಿರುಗಿದಳು:
“ಖಲಾಸ್ ಅಂದ್ರ ಖಲಾಸೇ ಏನ್ರಿ?”
ಹೂಂ ಎಂದೆ,
ಯಾರ ಹೆಸರನ್ನೂ ಹೇಳದೆ.

ಹೋದಳು. ಗದಗಿನ ಏಜೆಂಟನ ಸಾಲ ಹಾಗೇ ಇತ್ತು,
ಅದಕ್ಕೆ ಯಾರೂ ಕ್ಷಮೆ ಸಾರಿರಲಿಲ್ಲ.
ಬೇರೆಯವರ ಮನೆಯಲ್ಲಿ ರೊಟ್ಟಿ ಬಡಿದು ತೀರಿಸುತ್ತಿದ್ದಾಳಂತೆ,
ನಗುತ್ತಾ ಹೇಳಿದಳು ಫೋನಿನಲ್ಲಿ.
ಇದನ್ನು ಯಾವ ಪಕ್ಷದ ಲೆಕ್ಕಕ್ಕೆ ಬರೆಯುವುದೋ
ನನಗೆ ತಿಳಿಯಲಿಲ್ಲ.

ಅಂಗಳ ಗುಡಿಸುವ ಮಿಸ್ರಿ ಮುದುಕ ಗಿರ್ಗಿಸನನ್ನು ಕೇಳಿದೆ,
ನಿಮ್ಮ ಹಾಡಿನ ಖಲಾಸ್ ಏನು?
ಮುಗಿಯಿತು ಅಂತಲೂ ಹೌದು, ಎಂದ ಪೊರಕೆ ಊರಿ,
ರಕ್ಷಣೆ ಅಂತಲೂ.
ಯಾರು ಹೇಳಿದ್ದು ಎಂದು ಬಾಯಿಗೆ ಬಂದಿತ್ತು.

ಈಗ ಚಹಾ ಎಲೀಶನದು, ವಿಪರೀತ ಸಕ್ಕರೆ.
ವಾದ ಮುಂದಿನ ವಾರಕ್ಕೆ ಎಂದು ಬರೆದಿದ್ದೇನೆ,
‘ನಂಬಿಕೆಯಿಂದ’ ಎಂಬುದರ ಪಕ್ಕ
ಒಂದಕ್ಷರದಷ್ಟು ಜಾಗ ಬಿಟ್ಟು.
ನಾಲ್ಕಾಯಿತು.
ತಮಿಳರು ಬಾಗಿಲು ತಟ್ಟುತ್ತಿದ್ದಾರೆ.