ಕೊಕ್ಕಿಲ್ಲದ ಗಿಳಿ

ರಂಗಂಪೇಟೆಯ ಕುಣಿಮಗ್ಗದ ಮೇಲೆ
ಅಟ್ಟದಲ್ಲಿ ಕೂತು ದಾರ ಜಗ್ಗುವುದು ನನ್ನ ಕೆಲಸ.
ಅಪ್ಪ ಕೆಳಗಿಂದ ಕೂಗುತ್ತಿದ್ದ: ಏಳು ಜಗ್ಗು, ಮೂರು ಬಿಡು.
ನಿದ್ದೆ ಬಂದರೆ ಸೆರಗಿನ ಗಿಳಿ ಕುಂಟುತ್ತಿತ್ತು.

ಮಾನಪ್ಪ ಬಡಿಗೇರ ಕುಂಟೆ, ಕೂರಿಗೆ ಮಾಡುವವ.
ಹಲಗೆ ಬಿಗಿಯಲು ಬಂದವನು ತಲೆ ಎತ್ತಿ
ನನ್ನ ಬೆರಳ ಸಂದಿಯ ಗಾಯ ನೋಡಿದ.
ಏನೂ ಅನ್ನಲಿಲ್ಲ.
ಮರುದಿನದಿಂದ ಮನೆಮನೆ ತಿರುಗಿ
ಹಳೆ ಲಗ್ನಪತ್ರಿಕೆ ಬೇಡಿದ.
"ಬಡಿಗ್ಯಾಗ ಹುಚ್ಚು ಹಿಡದದ" ಅಂದರು.

ಪತ್ರಿಕೆಗೆ ಮೊಳೆ ಬಡಿದು ತೂತು:
ವಧುವಿನ ಹೆಸರಿದ್ದಲ್ಲಿ ಒಂದು,
ಮುಹೂರ್ತದ ಮೇಲೆ ಎರಡು.
"ತೂತಿದ್ದಲ್ಲಿ ಸೂಜಿ ಹೋಗ್ತದ, ದಾರ ಏಳ್ತದ.
ಇಲ್ಲಂದ್ರ ಇಲ್ಲ."
ಇಷ್ಟು ಮಾತಿಗೆ ಅವನಿಗೆ ಆರು ವರ್ಷ ಹಿಡಿಯಿತು.

ಮೊದಲ ಸೀರೆಯ ಗಿಳಿಗೆ ಕೊಕ್ಕಿರಲಿಲ್ಲ;
ಯಾರದೋ ಸೋದರಮಾವನ ಹೆಸರು
ತೂತಾಗದೆ ಉಳಿದಿತ್ತು.
ಅವ್ವ ಅದನ್ನೇ ಉಟ್ಟಳು.

ನಾನು ಅಟ್ಟ ಇಳಿದೆ, ಶಾಲೆಗೆ ಹೋದೆ.
ಪಕ್ಕದ ಮಗ್ಗದ ಮೌಲಾಲಿಯೂ ಇಳಿದ.
ಅವನಿಗೆ ಶಾಲೆಯಿಲ್ಲ, ಎಂಟಾಣೆ ಕೂಲಿಯೂ ಹೋಯಿತು.
ಒಂದು ರಾತ್ರಿ ಪತ್ರಿಕೆಗಳ ಸರ ಹರಿದುಹಾಕಿದ.
ಮುಂಜಾನೆ ಮಾನಪ್ಪ
ಮೊಳೆ, ಸುತ್ತಿಗೆ ಅವನ ಕೈಗಿಟ್ಟ:
"ಈ ಸಲ ಕೊಕ್ಕು ಮರೀಬ್ಯಾಡ."

ಈಗಲೂ ಮನೆಗೆ ಲಗ್ನಪತ್ರಿಕೆ ಬಂದರೆ
ಓದುವ ಮೊದಲು
ಬೆಳಕಿಗೆ ಹಿಡಿದು ನೋಡುತ್ತೇನೆ.