ಬಿಟ್ಟುಹೋದ ಸಾಮಾನು

ಕಡೇ ಟ್ರಿಪ್ಪು. ಹುಬ್ಬಳ್ಳಿ ಡಿಪೋಕ್ಕ ಬಂದು
ಸೀಟಿನ ಬುಡಕ ಬ್ಯಾಟರಿ ಬಿಟ್ಟು ನೋಡೂ ಹೊತ್ತಿನಾಗ
ಸಿಕ್ಕಿತ್ತು: ಡಾಲ್ಡಾ ಡಬ್ಬಿ, ಅದರಾಗ ಒಂದು ಗಿಡ.
ಯಾರದರೀ ಇದು, ಅಂತ ಖಾಲಿ ಬಸ್ಸಿಗೆ ಕೇಳಿದೆ.
ದಸ್ತಗೀರ ಸ್ಟೇರಿಂಗ್ ಮ್ಯಾಲೆ ತಲಿ ಇಟ್ಟು ನಕ್ಕ:
"ಟಿಕೀಟು ತಗದೈತೇನು ಕೇಳ್ರಿ ಮದಲ."

ಡಿಪೋದ ಪುಸ್ತಕದಾಗ ನಾನಽ ಬರದೆ.
ಸಾಮಾನು: ಗಿಡ, ಒಂದು.
ಹೆಸರು: ಗೊತ್ತಿಲ್ಲ.
ಸ್ಥಿತಿ: ಬಾಡೈತಿ.
ಮುಳಗುಂದ ಕ್ಲಾರ್ಕರು ಚಾಳೀಸು ಏರಿಸಿದರು:
"ಮೂರು ತಿಂಗಳು ಇಡಬೇಕವ್ವಾ, ರೂಲ್ ಐತಿ.
ಛತ್ರಿ ಇಡತೇನಿ. ಟಿಫಿನ್ ಡಬ್ಬಿ ಇಡತೇನಿ.
ಇದಕ ನೀರು ಯಾರು ಹಾಕಬೇಕು, ರೂಲ್ ಹಾಕತೈತೇನು?"

ಹಂಗ ಬಂತದು ನವನಗರದ ನನ್ನ ಖೋಲಿಗೆ.
ಒಂದಽ ಕಿಟಕಿ. ನಾ ಇರೂ ಹೊತ್ತಿನಾಗ ಬಿಸಲಿಲ್ಲ,
ಬಿಸಲಿರೂ ಹೊತ್ತಿನಾಗ ನಾ ಇಲ್ಲ.

ಚೀಟಿ ಹರದಂಗ ನೀರು ಹಾಕಿದೆ ಮೊದಮೊದಲು,
ಗಡಿಬಿಡಿ, ಮುಖ ನೋಡದ,
ಹತ್ತಿದವರಿಗೆಲ್ಲಾ ಕೊಟ್ಟು ಮುಂದ ಹೋದಂಗ.
ಎರಡೆಲಿ ಹಳದಿಯಾಗಿ ಬಿದ್ದವು.
ಮನಿ ಮಾಲಕಿ ಸುಂದರಾಬಾಯಿ ಬಾಗಲ್ದಾಗ ನಿಂತು ಬೈದಳು:
"ನೀರಡಿಕಿ ಅದಕಾಗೈತೋ ನಿನಗಾಗೈತೋ?
ಬಟ್ಟು ಇಟ್ಟು ನೋಡು. ಮಣ್ಣು ಹಸಿ ಇದ್ದರ ಸುಮ್ಮನಿರು.
ಸುಮ್ಮನಿರೂದೂ ಒಂದು ಕೆಲಸ."

ಸುಮ್ಮನಿರೂದು ನನಗ ಬರೂದಿಲ್ಲ.
ಹದಿನಾಲ್ಕು ವರ್ಷ ಒದರಿ ಉಂಡ ಗಂಟಲಿದು:
ಒಳಗ ಸರೀರಿ, ಚಿಲ್ಲರ ತಗೀರಿ, ಬಾಗಲಾ ಬಿಡರಿ.
ಊಟಕ್ಕ ಕುಂತರೂ ದವಡಿ ಸಡಿಲ ಆಗೂದಿಲ್ಲ,
ಕನಸಿನಾಗೂ ಯಾರಿಗೋ ಎರಡು ರೂಪಾಯಿ ಬಾಕಿ.

ಆದರೂ, ನಸಿಕಿನಾಗ ಐದರ ಶಿಫ್ಟಿಗೆ ಹೊಂಡೂ ಮುಂಚೆ
ಬೂಟು ಹಾಕ್ಕೊಂಡು, ಲೈಟು ಹಚ್ಚದ,
ಡಬ್ಬಿಯಾಗ ಬಟ್ಟಿಟ್ಟು ನಿಂದರತೇನಿ.
ತಂಪೈತಿ. ಬ್ಯಾಡಂತೈತಿ. ಬಟ್ಟು ತಗಿಯಾಕ ಮನಸಾಗೂದಿಲ್ಲ.
ಅಷ್ಟೊತ್ತು ಯಾರೂ ನನ್ನ ಏನೂ ಕೇಳೂದಿಲ್ಲ.

ಒಂದಿನ ಕಾಲೇಜು ಹುಡುಗಿ: "ಅಕ್ಕಾ, ಉಗುರಾಗ ಮಣ್ಣೈತ್ರಿ."
ಅದಽ ಟ್ರಿಪ್ಪಿನಾಗ ಉಣಕಲ್ಲದಾಗ ಹತ್ತಿದ ಅಜ್ಜ
ಹನ್ನೆರಡು ರೂಪಾಯಿಗೆ ಐನೂರರ ನೋಟು ಚಾಚಿದ.
ಬಾಯಿ ತಗದಿದ್ದೆ. ಉಗುರು ಕಂಡಿತು.
ನಿಂದರು, ಹಸಿ ಐತೇನೋ ನೋಡೂಣು ಅನಿಸ್ತು.
ನೋಡಿದೆ: ಅವನ ಕೈಯಾಗ ದವಾಖಾನಿ ಚೀಟಿ, ಅದೂ ನಡಗತಿತ್ತು.
"ಕುಂದರು ಯಜ್ಜಾ, ಆಮ್ಯಾಲೆ ಕೊಡುವಂತಿ."
ಮರುದಿನ ಮತ್ತ ಒದರಿದೆ, ಬ್ಯಾರೆಯವರಿಗೆ. ಸುಳ್ಳ್ಯಾಕ?
ಗಿಡಾನೂ ಒಂದೆಲಿ ಹಾಕಿ ಒಂದೆಲಿ ಉದರಸತೈತಿ.

ಆದರ ಒಂದು ಹೊಸಾ ಅಂಜಿಕಿ ಹುಟ್ಟಿತ್ತು ನೋಡ್ರಿ.
ಹಿಂದಿನ ಸೀಟಿನಾಗ ಯಾರು ಬಗ್ಗಿದರೂ ಎದಿ ಝಲ್ ಅಂತಿತ್ತು:
ಇವರಽ ಏನು? ಕೇಳತಾರೇನು?
ಚಪ್ಪಲಿ ಹುಡುಕತಿರತಿದ್ದರು ಪಾಪ.
ಕಳಕೊಳ್ಳೂವಂಥಾದ್ದು ಏನರ ಇರೂದು
ಹಿಂಗ ಇರತೈತಿ ಅಂತ ಮರತಽ ಬಿಟ್ಟಿದ್ದೆ.

ತೊಂಬತ್ತನೇ ದಿನ ಡಿಪೋಕ್ಕ ಹೋದೆ.
ಯಾರೂ ಬಂದಿರಲಿಲ್ಲ.
"ಇಲ್ಲಿ ಸಹಿ ಮಾಡು," ಅಂದರು ಮುಳಗುಂದ.
ಪೆನ್ನಿಸಕೊಂಡು ಮದಲ 'ಬಾಡೈತಿ' ಹೊಡದು ಹಾಕಿ
ಬಾಜೂಕ ಬರದೆ: ಹನ್ನೊಂದು ಎಲಿ.
ಹನ್ನೆರಡನೇದು ಸುರುಳಿ ಬಿಚ್ಚಾಕತ್ತೈತಿ.
"ಇಷ್ಟುದ್ದ ಬರಿಯಾಕ ಜಾಗಾ ಇಲ್ಲವಾ ಅಲ್ಲೆ," ಅಂದರು.
ಕಪಾಟಿನಾಗ ನಲವತ್ತು ಛತ್ರಿ ಮುದುಡಿಕೊಂಡು ನಿಂತಿದ್ದವು.
ಅವರು ಕಣ್ಣೆತ್ತಲಿಲ್ಲ. ಚಾ ಕುಡದ ಖಾಲಿ ಗ್ಲಾಸು
ನನ್ನ ಕಡೆ ಮೆಲ್ಲಕ ಸರಿಸಿ:
"ಒಂದು ಕಡ್ಡಿ ಮುರದು ತಂದರ... ಬದಕತೈತೇನು?"

ಹೊರಗ ದಸ್ತಗೀರ ಹಾರ್ನು ಹೊಡಿಯಾಕತ್ತಿದ್ದ.
ಮಣ್ಣು ಕೇಳಬೇಕರೀ, ಅಂದೆ. ಓಡಿದೆ.