ಪರಸ್ಪರ ಲಾಭ

ಕಾರವಾರದ ಕೋರ್ಟಿನಲ್ಲಿ ನಾನು ಭಾಷಾಂತರಕಾರಳು.
ಇಂಗ್ಲಿಷಿನ ಕಾಯ್ದೆಯನ್ನು ಕನ್ನಡಕ್ಕೆ ದಾಟಿಸುವುದು,
ಕೊಂಕಣಿಯ ಅಳುವನ್ನು ಇಂಗ್ಲಿಷಿಗೆ.
ಸಂಬಳ ಎರಡಕ್ಕೂ ಒಂದೇ.

ಆ ದಿನದ ದೋಷಾರೋಪ ಪಟ್ಟಿ:
ಬೈತಖೋಲ, ಬಂದರಿನ ಹಿಂದಿನ ಓಣಿ, ಹಂಚಿನ ಒಂದು ಕೋಣೆ.
ಆರೋಪಿ ಒಂದು, ದ್ವಾರಕಿ, ಕೋಂ... ಮುಂದೆ ಖಾಲಿ.
ಆರೋಪಿ ಎರಡು, ಪರ್ಪೆತ, ಕೋಂ...
ಬರೆದವನು ಬೇಸತ್ತು ಗೆರೆ ಎಳೆದುಬಿಟ್ಟಿದ್ದ.
ಕೋಣೆಗೊಂದು ಹೆಸರು ಬೇಕಿತ್ತು. ಅದು ನನ್ನ ಪಾಲಿನ ಕೆಲಸ.

ಮುಂಬಯಿ ಸರ್ಕಾರದ ಕಾಲದ ಕಡತ ಬಿಚ್ಚಿದೆ.
ಗೆದ್ದಲು ಬಿಟ್ಟುಕೊಟ್ಟದ್ದು ಒಂದೇ ಪದ, ಮೋಡಿ ಅಕ್ಷರದಲ್ಲಿ: ಕುಂಟಣಖಾನೆ.
ದವಾಖಾನೆ, ಕಾರಖಾನೆ, ಬಂದೀಖಾನೆ,
ಮೂರರ ನಡುವೆ ಎಲ್ಲೋ ಅದರ ಬಾಗಿಲು.
ನಿಘಂಟಿನಲ್ಲಿ ಬೆಲೆವೆಣ್ ಸಿಕ್ಕಳು,
ಹೆಸರಲ್ಲೇ ಚೀಟಿ ಅಂಟಿಸಿಕೊಂಡವಳು.
ಆಮೇಲೆ ಸೂಳೆಗೇರಿ.
ಕಲ್ಲಿನ ಮೇಲಿದ್ದಾಗ ಆ ಪದಕ್ಕೆ ಗದ್ದೆಯಿತ್ತು, ದೇಗುಲದಲ್ಲಿ ಜಾಗವಿತ್ತು.
ಬಾಯಿಗಿಳಿದ ಮೇಲೆ ಬರೀ ಉಗುಳು.
ಸೂಳ್ ಎಂದರೆ ಸರದಿಯಂತೆ.
ಎರಡಕ್ಕೂ ನಂಟಿದೆಯೋ ಇಲ್ಲವೋ, ಪಂಡಿತರು ನೋಡಿಕೊಳ್ಳಲಿ.
ಹೊರಗೆ ಬೆಂಚಿನ ಮೇಲೆ ಇಬ್ಬರೂ
ಬೆಳಿಗ್ಗೆ ಹತ್ತರಿಂದ ಸರದಿಗೆ ಕೂತಿದ್ದರು.

ಕೊನೆಗೆ 'ವೇಶ್ಯಾಗೃಹ' ಎಂದು ಬರೆದೆ.
ಸಂಸ್ಕೃತಕ್ಕೆ ಮೀನಿನ ವಾಸನೆ ಹತ್ತುವುದಿಲ್ಲ.

ಕಾಯ್ದೆ ಹೇಳುತ್ತದೆ: ಯಾವುದೇ ಮನೆ, ಕೋಣೆ, ವಾಹನ ಅಥವಾ ಸ್ಥಳ
(ಹಾಗಾದರೆ ಹೋಡಿಯೂ ಬಂತೇ ಎಂದು
ಹಿಂದಿನ ಸಾಲಿನ ವಕೀಲರು ನಕ್ಕರು),
ಇನ್ನೊಬ್ಬರ ಲಾಭಕ್ಕೆ, ಅಥವಾ
ಇಬ್ಬರ ಇಲ್ಲವೇ ಹೆಚ್ಚಿನವರ ಪರಸ್ಪರ ಲಾಭಕ್ಕೆ.
ಅಂದರೆ ಒಬ್ಬಳೇ ಇದ್ದರೆ ಅದು ಮನೆ.
ಇನ್ನೊಬ್ಬಳು ಬಂದು ಪಕ್ಕದಲ್ಲಿ ಚಾಪೆ ಬಿಚ್ಚಿದಳೋ,
ಅದೇ ಹಂಚು, ಅದೇ ಹೊಸ್ತಿಲು
ರಾತ್ರೋರಾತ್ರಿ ಹೆಸರು ಬದಲಿಸುತ್ತವೆ.

ಪರಸ್ಪರ ಲಾಭ ಏನಿತ್ತು, ಸರ್ಕಾರಿ ವಕೀಲರು ಕೇಳಿದರು.
ಪರ್ಪೆತ ಹೇಳಿದ್ದನ್ನು ಹಾಗೇ ದಾಟಿಸಿದೆ:
ಇವಳಿಗೆ ಟೈಫಾಯ್ಡ್ ಆದಾಗ ನಾನು ಪೇಜ ಕಾಸಿ ಹಾಕಿದೆ.
ನನಗೆ ಬಂದರೆ ಇವಳು ಹಾಕಬೇಕು.
ಇನ್ನೂ ಬಂದಿಲ್ಲ.
ಸಾಹೇಬರು ಪೆನ್ನು ಎತ್ತಿದರು, ಬರೆಯಲಿಲ್ಲ.

ಆರೋಪಿಗಳ ಪರ ಉಳ್ವೇಕರ ಎದ್ದರು.
ಸ್ವಾಮೀ, ಕೋಣೆಯ ನಡುವೆ ಒಂದು ಸೀರೆ ಕಟ್ಟಿದೆ.
ಈಚೆ ಒಬ್ಬಳು, ಆಚೆ ಒಬ್ಬಳು.
ಆದ್ದರಿಂದ ಇವು ಎರಡು ಮನೆ.
ಗಾಳಿ ಬಂದರೆ? ಎಂದರು ಸಾಹೇಬರು.
ಕಿಟಕಿಯಾಚೆ ಕಡಲು. ಯಾರೂ ಉತ್ತರಿಸಲಿಲ್ಲ.
ಸೀರೆಗೆ ಗೋಡೆ ಎನ್ನಬಹುದೇ ಎಂಬಂತೆ
ಎಲ್ಲರೂ ನನ್ನ ಕಡೆ ನೋಡಿದರು,
ನನ್ನ ಬಳಿ ನಿಘಂಟು ಇತ್ತಲ್ಲ.

ಪಂಚನಾಮೆ ಓದಿದರು:
ಚಾಪೆ ಎರಡು. ಕನ್ನಡಿ ಎರಡು. ಬಾಚಣಿಗೆ ಎರಡು.
ಸೀಮೆಎಣ್ಣೆ ಸ್ಟವ್, ಒಂದು.
ಆ ಒಂದರಲ್ಲೇ ಕೇಸು ಸಿಕ್ಕಿಕೊಂಡು
ಹದಿನಾಲ್ಕು ತಾರೀಖು ಎಳೆಯಿತು.

ಪಂಚರಲ್ಲಿ ಒಬ್ಬ ವಾಸ್ಕೋಗೆ ಹೋದ,
ಇನ್ನೊಬ್ಬನಿಗೆ ತನ್ನ ಸಹಿಯೇ ಗುರುತಾಗಲಿಲ್ಲ. ಬಿಡುಗಡೆ.

ಮುದ್ದೇಮಾಲು ಬಿಡಿಸಿಕೊಳ್ಳಲು ಇಬ್ಬರೂ ಬಂದರು.
ಸ್ಟವ್ ಯಾರದ್ದು, ಒಬ್ಬರೇ ಹೇಳಿ, ರಿಜಿಸ್ಟರಿನಲ್ಲಿ ಒಂದೇ ಕಾಲಮ್ಮು
ಎಂದ ಗುಮಾಸ್ತ.
ಪರ್ಪೆತ ಹೆಬ್ಬೆಟ್ಟು ಒತ್ತಿದಳು.
ದ್ವಾರಕಿ ಸ್ಟವ್ ಎತ್ತಿಕೊಂಡಳು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.
ತುಂಬಿ ಇಟ್ಟಿದ್ದೆ ಸಾಯ್ಬ್ರೆ, ಎಂದಳು,
ಎಣ್ಣೆ ಯಾರು ತೆಗೆದ್ರು?